ಬೆಳೆಯುವುದೆಲ್ಲ ಜೀವಿಯೇ?

ಎಲೆಯಡಿಕೆಗೆ ಹಚ್ಚುವ ಸುಣ್ಣ ನಿಮ್ಮ ಮನೆಯಲ್ಲೋ ಬೀದಿಕೊನೆಯ ಪೆಟ್ಟಿಗೆ ಅಂಗಡಿಯಲ್ಲೋ ಸಿಕ್ಕೇ ಸಿಗುತ್ತದೆ. ದೊಡ್ಡವರೊಬ್ಬರನ್ನು ಜೊತೆಗಿಟ್ಟುಕೊಂಡು, ಅರ್ಧ ಚಮಚ ಸುಣ್ಣವನ್ನು ಒಂದು ಲೋಟ ನೀರಿನಲ್ಲಿ ಕದಡಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಗಾಜಿನ ಲೋಟಕ್ಕೆ ಬಸಿದುಕೊಂಡು ಅದರೊಳಗೆ ಸ್ಟ್ರಾದಿಂದ ಮೆಲ್ಲಗೆ ಊದಿ. ಊದಬೇಕು, ಹೀರಬಾರದು, ಕಣ್ಣಿಗೆ ಸಿಡಿಯದಂತೆಯೂ ನೋಡಿಕೊಳ್ಳಿ. ಸ್ವಲ್ಪ ಹೊತ್ತಿಗೆ ನೀರು ಬೆಳ್ಳಗಾಗುತ್ತದೆ. ಉಸಿರಿನಲ್ಲಿದ್ದ ಇಂಗಾಲದ ಡೈಆಕ್ಸೈಡ್ ಸುಣ್ಣದೊಂದಿಗೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು. ಮೊಟ್ಟೆಯ ಚಿಪ್ಪು, ಶಂಖ, ಅಮೃತಶಿಲೆ ಎಲ್ಲವೂ ಇದರದ್ದೇ. ಲೋಟವನ್ನು ಅಲುಗಿಸದೆ ಬಿಟ್ಟರೆ ಬಿಳಿ ಪುಡಿ ತಳ ಸೇರುತ್ತದೆ. ಈ ಪುಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮೂತ್ರಪಿಂಡದ ಕಲ್ಲಿನ ಬಗ್ಗೆ ಒಂದು ಜಗಳ ಬಿಡಿಸಲು ಬೇಕಾಗುತ್ತದೆ.

ನಮ್ಮ ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನಿಗೆ ಒತ್ತಿಕೊಂಡಂತೆ, ಎರಡು ಮೂತ್ರಪಿಂಡಗಳಿವೆ. ಅವು ರಕ್ತವನ್ನು ಸೋಸಿ, ಬೇಡದ ಲವಣಗಳನ್ನೂ ಯೂರಿಯಾವನ್ನೂ ನೀರಿನಲ್ಲಿ ಕರಗಿಸಿ ಹೊರಗೆ ಕಳಿಸುತ್ತವೆ. ನೀರು ಕಡಿಮೆಯಾದರೆ ಲವಣ ಪೂರ್ತಿ ಕರಗದೆ ಹರಳುಗಟ್ಟುತ್ತದೆ. ಹರಳಿಗೆ ಹರಳು ಕೂಡಿ ಕಲ್ಲಾಗುತ್ತದೆ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನವು.

ಇನ್ನೊಂದು ಬಗೆಯ ಕಲ್ಲಿದೆ. ಅದನ್ನು ಕಟ್ಟಿಸುವುದು ಬ್ಯಾಕ್ಟೀರಿಯಾ, ಅದರಲ್ಲಿ ಅನುಮಾನವೇ ಇಲ್ಲ. ಬಸ್ ನಿಲ್ದಾಣದ ಮೂತ್ರಾಲಯದ ಮುಂದೆ ಹಾದುಹೋಗುವಾಗ ಮೂಗು ಮುಚ್ಚಿಕೊಳ್ಳುತ್ತೀರಲ್ಲ, ಆ ಘಾಟು ಅಮೋನಿಯಾದ್ದು. ಕೆಲವು ಬ್ಯಾಕ್ಟೀರಿಯಾಗಳ ಬಳಿ ಯೂರಿಯೇಸ್ ಎಂಬ ಕಿಣ್ವವಿರುತ್ತದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಪ್ರೋಟಿಯಸ್ ಮಿರಾಬಿಲಿಸ್ ಎಂಬ ಬ್ಯಾಕ್ಟೀರಿಯಾ ಮೂತ್ರನಾಳದಲ್ಲಿ ಸೇರಿಕೊಂಡರೆ ಇದೇ ಕೆಲಸ ದೇಹದೊಳಗೇ ಶುರುವಾಗುತ್ತದೆ. ಮೂತ್ರ ಕ್ಷಾರೀಯವಾಗುತ್ತದೆ. ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಮೂರೂ ಸೇರಿ ಸ್ಟ್ರೂವೈಟ್ ಎಂಬ ಹರಳಾಗುತ್ತವೆ. ಇದು ಬೇಗ ಬೆಳೆಯುವ ಕಲ್ಲು. ಮೂತ್ರಪಿಂಡದ ಒಳಗಿನ ಪೊಳ್ಳುಗಳನ್ನೆಲ್ಲ ತುಂಬಿಕೊಂಡು ಕವಲೊಡೆಯುವುದರಿಂದ ವೈದ್ಯರು ಇದಕ್ಕೆ ಜಿಂಕೆಗೊಂಬಿನ ಕಲ್ಲು ಎನ್ನುತ್ತಾರೆ. ಅದನ್ನು ಕಟ್ಟಿದ ಬ್ಯಾಕ್ಟೀರಿಯಾಗಳು ಕಲ್ಲಿನೊಳಗೇ ಅಡಗಿರುತ್ತವೆ, ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಕಲ್ಲನ್ನೇ ತೆಗೆಯಬೇಕಾಗುತ್ತದೆ.

ಈ ಯೂರಿಯೇಸ್ ಒಳ್ಳೆಯ ಕೆಲಸಕ್ಕೂ ಒದಗುತ್ತದೆ ಅನ್ನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೊ ವಿಜ್ಞಾನಿಗಳು 2020ರಲ್ಲಿ ಚಂದ್ರನ ಮಣ್ಣನ್ನು ಹೋಲುವ ಮಣ್ಣಿಗೆ ಸ್ಪೋರೊಸಾರ್ಸಿನಾ ಪಾಶ್ಚುರಿ ಎಂಬ ಬ್ಯಾಕ್ಟೀರಿಯಾ, ಯೂರಿಯಾ ಮತ್ತು ಗೋರಿಕಾಯಿ ಬೀಜದ ಅಂಟು ಸೇರಿಸಿ ಇಟ್ಟಿಗೆಯಂಥ ಗಟ್ಟಿ ತುಂಡು ಮಾಡಿದರು. ಮಣ್ಣಿನ ಕಣಗಳನ್ನು ಹಿಡಿದು ನಿಲ್ಲಿಸುವುದು ಅದೇ ಕ್ಯಾಲ್ಸಿಯಂ ಕಾರ್ಬೊನೇಟ್.

ಈಗ ಜಗಳಕ್ಕೆ ಬರೋಣ. 1998ರಲ್ಲಿ ಫಿನ್‌ಲೆಂಡಿನ ಕುವೊಪಿಯೊ ನಗರದ ಓಲಾವಿ ಕಯಾಂಡರ್ ಮತ್ತು ನೆವಾ ಚಿಫ್ಚಿಯೋಗ್ಲು ಒಂದು ಸುದ್ದಿ ಪ್ರಕಟಿಸಿದರು. ತಾವು ಪರೀಕ್ಷಿಸಿದ ಮೂತ್ರಪಿಂಡದ 30 ಕಲ್ಲುಗಳಲ್ಲಿ ಅಷ್ಟರಲ್ಲೂ ಅತಿಸೂಕ್ಷ್ಮ ಬ್ಯಾಕ್ಟೀರಿಯಾ ಸಿಕ್ಕಿವೆ, ಅವು ತಮ್ಮ ಸುತ್ತ ಖನಿಜದ ಚಿಪ್ಪು ಕಟ್ಟಿಕೊಳ್ಳುತ್ತವೆ, ಕಲ್ಲಿಗೆ ಬೀಜ ಅವೇ ಇರಬಹುದು ಎಂದರು. ಹೆಸರು ನ್ಯಾನೊಬ್ಯಾಕ್ಟೀರಿಯಾ. ಎಲ್ಲ ಕಲ್ಲುಗಳಿಗೂ ಒಬ್ಬನೇ ಕಳ್ಳ! ಪತ್ರಿಕೆಗಳಿಗೆ ಇಂಥ ಸುದ್ದಿ ಎಂದರೆ ಹಬ್ಬ.

ಆದರೆ ಕೆಲವರಿಗೆ ಗಂಟಲಲ್ಲಿ ಇಳಿಯಲಿಲ್ಲ. ಸಾಮಾನ್ಯ ಬ್ಯಾಕ್ಟೀರಿಯಾದ ಉದ್ದ ಒಂದೆರಡು ಮೈಕ್ರೊಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದೆರಡು ಪಾಲು. ನ್ಯಾನೊಬ್ಯಾಕ್ಟೀರಿಯಾ ಎಂದವುಗಳಲ್ಲಿ ಕೆಲವು ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚಿಕ್ಕವು. ಬದುಕಲು ಡಿಎನ್‌ಎ ಬೇಕು, ಪ್ರೋಟೀನ್ ತಯಾರಿಸುವ ರೈಬೊಸೋಮ್‌ಗಳು ಬೇಕು. ಅಷ್ಟು ಕಿರಿದಾದ ಜಾಗದಲ್ಲಿ ಇವೆಲ್ಲ ಹಿಡಿಸುವುದು ಹೇಗೆ?

"ಆದರೆ ಅವು ಪ್ರಯೋಗಾಲಯದಲ್ಲಿ ಬೆಳೆಯುತ್ತವಲ್ಲ! ಒಂದು ಸೀಸೆಯಿಂದ ಚೂರು ತೆಗೆದು ಇನ್ನೊಂದಕ್ಕೆ ಹಾಕಿದರೆ ಅಲ್ಲೂ ಹೆಚ್ಚಾಗುತ್ತವಲ್ಲ!" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ನಿಜವಾಗಿಯೂ ಹೆಚ್ಚಾಗುತ್ತವೆ. ಸಕ್ಕರೆ ಪಾಕದಲ್ಲಿ ಒಂದು ಹರಳು ಇಳಿಬಿಟ್ಟರೂ ಕಲ್ಲುಸಕ್ಕರೆ ಬೆಳೆಯುತ್ತದೆ, ಅಲ್ಲಿ ಜೀವವೇ ಇಲ್ಲ. ಕುವೊಪಿಯೊದ ಸೀಸೆಯಲ್ಲಿದ್ದದ್ದು ಹೆಪ್ಪೋ, ಹರಳೋ?

2000ನೇ ಇಸವಿಯಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಮತ್ತೆ ಪ್ರಯೋಗ ಮಾಡಿದರು. ನ್ಯಾನೊಬ್ಯಾಕ್ಟೀರಿಯಾದ್ದು ಎಂದಿದ್ದ ಡಿಎನ್‌ಎ, ಪ್ರಯೋಗಾಲಯದಲ್ಲಿ ಹೇಗೋ ನುಸುಳಿಕೊಳ್ಳುವ ಸಾಮಾನ್ಯ ಬ್ಯಾಕ್ಟೀರಿಯಾದ್ದರಂತೆಯೇ ಇತ್ತು. ಜೀವದ ಸುಳಿವಿಲ್ಲದೆಯೂ ಹರಳುಗಳು ಸೀಸೆಯಿಂದ ಸೀಸೆಗೆ ಬೆಳೆದವು. 2008ರಲ್ಲಿ ಯಾನ್ ಮಾರ್ಟೆಲ್ ಮತ್ತು ಜಾನ್ ಯಂಗ್ ಉಳಿದ ಗಂಟನ್ನೂ ಬಿಚ್ಚಿದರು. ಅವರು ಜೀವಿಗಳಿಲ್ಲದೆಯೇ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಕಣಗಳನ್ನು ತಯಾರಿಸಿದರು. ನಿಮ್ಮ ಲೋಟದ ಬಿಳಿ ಪುಡಿಯೂ ಅದೇ. ಸೂಕ್ಷ್ಮದರ್ಶಕದಲ್ಲಿ ಈ ಕಣಗಳು ನ್ಯಾನೊಬ್ಯಾಕ್ಟೀರಿಯಾದಂತೆಯೇ ದುಂಡಗಿದ್ದವು, ಕೆಲವು ಎರಡಾಗಿ ಒಡೆಯುತ್ತಿರುವಂತೆಯೂ ತೋರಿದವು. ನ್ಯಾನೊಬ್ಯಾಕ್ಟೀರಿಯಾ ಗುರುತಿಸಲು ಬಳಸುತ್ತಿದ್ದ ಪರೀಕ್ಷೆ ಪತ್ತೆ ಹಚ್ಚುತ್ತಿದ್ದದ್ದು ರಕ್ತದಲ್ಲಿರುವ ಪ್ರೋಟೀನನ್ನು. ಖನಿಜಕ್ಕೆ ಪ್ರೋಟೀನ್ ಅಂಟಿದ ಕಣ, ಅಷ್ಟೇ. ಜೀವಿಯಲ್ಲ.

ಫಿನ್‌ಲೆಂಡಿನವರನ್ನು ನೋಡಿ ನಗುವ ಹಾಗಿಲ್ಲ. ತಮ್ಮ ವಿಧಾನವನ್ನು ಅವರು ಬಿಡಿಸಿ ಬರೆದಿದ್ದರಿಂದಲೇ ಬೇರೆಯವರು ಮತ್ತೆ ಮಾಡಿ ನೋಡಲು ಆಯಿತು.

ಎಲ್ಲ ಕಲ್ಲುಗಳಿಗೂ ಒಬ್ಬನೇ ಕಳ್ಳನಿಲ್ಲ. ಹೊರತೆಗೆದ ಕಲ್ಲನ್ನು ವೈದ್ಯರು ಪರೀಕ್ಷೆಗೆ ಕಳಿಸುವುದು ಅದು ಯಾವ ಖನಿಜ ಎಂದು ತಿಳಿಯಲು. ಸ್ಟ್ರೂವೈಟ್ ಆದರೆ ಬ್ಯಾಕ್ಟೀರಿಯಾದ ಬೆನ್ನು ಹತ್ತಬೇಕು. ಆಕ್ಸಲೇಟ್ ಆದರೆ ನೀರು, ಊಟದ ಕಡೆ ಗಮನ ಕೊಡಬೇಕು. ನಿಮ್ಮ ಪಾಲಿನ ಕೆಲಸ ಸುಲಭ: ಬಿಸಿಲಲ್ಲಿ ಆಡಿ ಬಂದಾಗ ನೀರು ಕುಡಿಯಿರಿ, ತರಗತಿಯಲ್ಲಿ ಮೂತ್ರ ಕಟ್ಟಿಕೊಂಡು ಕೂರದೆ ಕೈಯೆತ್ತಿ ಕೇಳಿ. ಮೇಷ್ಟ್ರೇ, ಟೀಚರೇ, ಕೇಳಿದ ಮಗುವನ್ನು ದಯವಿಟ್ಟು ಹೊರಗೆ ಬಿಡಿ.