ಕಡಿಮೆ ರೇಟು ಹಾಕಿದವರಿಗೇ ಟೆಂಡರ್ ಯಾಕೆ?

ಇವತ್ತು ಟೆಂಡರ್ ಬಗ್ಗೆ ಮಾತಾಡೋಣ. ತಡೀರಿ, ಹೆಸರು ಕೇಳಿ ಸ್ಕಿಪ್ ಮಾಡಬೇಡಿ! ನಾನು ಶುರು ಮಾಡೋದು ಬಾವುಟದಿಂದ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಂತ ಒಂದಿದೆ. 1957ರಲ್ಲಿ ಶುರುವಾದದ್ದು. ಬಿಐಎಸ್ ಮಾನ್ಯತೆಯ ಖಾದಿ ರಾಷ್ಟ್ರಧ್ವಜ ಅಂದ್ರೆ ದೇಶಕ್ಕೆಲ್ಲ ಇವರ ಹೆಸರೇ. ಬಟ್ಟೆ ಬಾಗಲಕೋಟೆ ಕಡೆಯಿಂದ ಬರುತ್ತೆ, ಇಲ್ಲಿ ಬಣ್ಣ, ಚಕ್ರದ ಅಚ್ಚು, ಹೊಲಿಗೆ. ಕೆಲಸಗಾರರಲ್ಲಿ ಹೆಚ್ಚಿನವರು ಹೆಣ್ಮಕ್ಕಳು. ಚಕ್ರದ 24 ಗೆರೆ ಎರಡೂ ಬದಿಗೆ ಒಂದೇ ಕಡೆ ಕೂರಬೇಕು, ಸ್ವಲ್ಪ ಜರುಗಿದ್ರೂ ಪೀಸ್ ವಾಪಸ್.

ಇಷ್ಟು ದುಬಾರಿ ಕೆಲಸ ಇಷ್ಟು ವರ್ಷ ಹೇಗೆ ನಡೀತು? ಧ್ವಜ ಕೈಯಲ್ಲಿ ನೂತು, ಕೈಯಲ್ಲಿ ನೇಯ್ದ ಬಟ್ಟೆಯದ್ದೇ ಆಗಿರಬೇಕು ಅಂತ ಧ್ವಜಸಂಹಿತೆಯಲ್ಲಿ ಇತ್ತು. ಕಚೇರಿಗಳು ಕೊಳ್ಳಲೇಬೇಕಿತ್ತು. 2021ರ ಡಿಸೆಂಬರ್ 30ರಂದು ತಿದ್ದುಪಡಿ ಆಯ್ತು: ಯಂತ್ರದಲ್ಲಿ ಮಾಡಿದ್ದೂ ಆಗುತ್ತೆ, ಪಾಲಿಯೆಸ್ಟರೂ ಆಗುತ್ತೆ. 2022ರ ಆಗಸ್ಟ್‌ನಲ್ಲಿ ‘ಹರ್ ಘರ್ ತಿರಂಗಾ’ ಬಂತು, ಮನೆಮನೆಗೂ ಬಾವುಟ ಹೋಯ್ತು. ಬೆಂಗೇರಿಯವರು ಪ್ರತಿಭಟನೆಗೆ ಕೂತರು.

ನನ್ನ ಅಭಿಪ್ರಾಯ ಕೇಳಿದ್ರೆ, ಮನೆ ಮೇಲೆ ಹಾರಿಸೋಕೆ ಬಡವರು ಅಗ್ಗದ್ದು ತಗೊಂಡ್ರೆ ತಪ್ಪೇನಿಲ್ಲ. ಆದ್ರೆ ಜಿಲ್ಲಾಧಿಕಾರಿ ಕಚೇರಿ ಮೇಲಿನ ಬಾವುಟಕ್ಕೂ ಅದೇ ಲೆಕ್ಕ ಯಾಕೆ? ಅಲ್ಲಿ ಉಳಿಯೋ ದುಡ್ಡೆಷ್ಟು, ಹೋಗೋ ಕೂಲಿ ಎಷ್ಟು? (ಆಗಸ್ಟ್ 16ರ ಬೆಳಿಗ್ಗೆ ನಿಮ್ಮ ಏರಿಯಾದ ಚರಂಡಿ ಒಮ್ಮೆ ನೋಡಿ, ಪಾಲಿಯೆಸ್ಟರ್ ವಿಷಯ ಬೇರೆ ಹೇಳೋದು ಬೇಡ.)

‘ಅಣ್ಣಾ, ತೆರಿಗೆ ದುಡ್ಡು ನಮ್ದು, ಕಡಿಮೆ ರೇಟಿಗೆ ಕೊಂಡ್ರೆ ಒಳ್ಳೇದಲ್ವಾ?’ ಅಂತೀರಿ. ನ್ಯಾಯವಾದ ಪ್ರಶ್ನೆ. ಟೆಂಡರಲ್ಲಿ ಎಲ್ಲರಿಗಿಂತ ಕಡಿಮೆ ರೇಟು ಹಾಕಿದವರಿಗೆ ಎಲ್-1 ಅಂತಾರೆ. ಅಧಿಕಾರಿಗೂ ಅದೇ ಸೇಫ್, ನಾಳೆ ಆಡಿಟ್‌ನವರು ಕೇಳಲ್ಲ. ಸರ್ಕಾರ ದೊಡ್ಡ ಪ್ರಮಾಣದಲ್ಲಿ ಕೊಂಡು ಬೆಲೆ ಇಳಿಸಿದ್ದೂ ಇದೆ. ಎಲ್‌ಇಡಿ ಬಲ್ಬ್ ನೆನಪಿದೆಯಾ? ಕೇಂದ್ರದ ಇಇಎಸ್‌ಎಲ್ 2014ರಲ್ಲಿ ಒಂದಕ್ಕೆ 310 ರೂಪಾಯಿ ಕೊಟ್ಟು ಕೊಂಡಿತ್ತು, 2016ರ ಹೊತ್ತಿಗೆ 38ಕ್ಕೆ ಇಳೀತು. ನಮ್ಮಲ್ಲಿ ‘ಹೊಸಬೆಳಕು’ ಅಂತ ಹಂಚಿದ್ದು ಅದನ್ನೇ. ಕರೆಂಟೂ ಉಳೀತು, ದುಡ್ಡೂ ಉಳೀತು. ಆದ್ರೆ ಬಲ್ಬ್ ಫ್ಯಾಕ್ಟರಿಯಲ್ಲಿ ಹೆಚ್ಚು ಮಾಡಿದಷ್ಟೂ ಅಗ್ಗ. ಚರಕದ ನೂಲು ಹಾಗಲ್ಲ, ಕೈ ಅಷ್ಟೇ ಓಡೋದು.

ಚಿಕ್ಕವರಿಗೆ ಅಂತ ಕೇಂದ್ರದ 2012ರ ನೀತಿ ಇದೆ. ಕೇಂದ್ರ ಇಲಾಖೆಗಳು, ಕೇಂದ್ರದ ಕಂಪನಿಗಳು ಖರೀದಿಯ 25% ಸಣ್ಣ, ಅತಿಸಣ್ಣ ಉದ್ಯಮಗಳಿಂದ ಮಾಡಬೇಕು. ಅದರೊಳಗೇ 4% ಎಸ್‌ಸಿ-ಎಸ್‌ಟಿ ಉದ್ಯಮಿಗಳದ್ದು, 3% ಮಹಿಳೆಯರದ್ದು. ಇಎಂಡಿ, ಅಂದ್ರೆ ಟೆಂಡರ್ ಠೇವಣಿ, ಕಟ್ಟೋ ಹಾಗಿಲ್ಲ. ದೊಡ್ಡ ಕಂಪನಿ 100 ರೂಪಾಯಿ ಹಾಕಿ, ನೀವು 115ರ ಒಳಗೆ ಹಾಕಿದ್ರೆ ನಿಮಗೂ ಚಾನ್ಸ್ ಇದೆ. ಆದ್ರೆ 100ಕ್ಕೇ ಇಳೀಬೇಕು! ಖಾದಿ ಎಷ್ಟು ಇಳಿದ್ರೂ ಪಾಲಿಯೆಸ್ಟರ್ ರೇಟಿಗೆ ಬರಲ್ಲ. ಅದಕ್ಕೇ ಯಾವ ಬಟ್ಟೆ ಬೇಕು ಅಂತ ಟೆಂಡರಲ್ಲಿ ಬರೆಯೋ ಆ ಒಂದು ಸಾಲಿಗೆ ಎಲ್ಲ ಮೀಸಲಾತಿಗಿಂತ ಜಾಸ್ತಿ ಶಕ್ತಿ. ಬೆಂಗೇರಿಯವರಿಗೆ ಆಸರೆಯಾಗಿದ್ದದ್ದೂ ಅಂಥ ಸಾಲೇ.

ಇನ್ನು ಆರ್ಡರ್ ಸಿಕ್ಕಿದವರ ಕಥೆ. ಹಾವೇರಿ ಕಡೆ ನನ್ನ ಚಿಗವ್ವ ಇದ್ದಾಳೆ. ಸಂಘದ ಹೆಣ್ಮಕ್ಕಳ ಜೊತೆ ಹೊಲಿಗೆ ಮಾಡ್ತಾಳೆ. ಒಂದು ಕಚೇರಿಗೆ ಪರದೆ, ಮೇಜಿನ ಬಟ್ಟೆ ಹೊಲಿದುಕೊಟ್ರು. ಬಟ್ಟೆಗೆ ಸಾಲ ಮಾಡಿದ್ರು. ಬಿಲ್ ಆಗೋಕೆ ಎಂಟು ತಿಂಗಳು. ಲಾಭ ಪೂರ್ತಿ ಬಡ್ಡಿಗೇ ಹೋಯ್ತು. ಹೋದ ದೀಪಾವಳಿಗೆ ‘ಇನ್ನೊಂದು ಟೆಂಡರ್ ಐತಿ ನೋಡು’ ಅಂದೆ. ‘ಬ್ಯಾಡ ತಮ್ಮಾ ಸರ್ಕಾರದ್ ಆರ್ಡರು, ಬಡ್ಡಿ ಕಟ್ಟಿ ಕಟ್ಟಿ ಸಾಕಾಗೈತಿ’ ಅಂದ್ಲು. ಯಾವ ನೀತಿ ಹೇಳಿ ಅವಳನ್ನ ಒಪ್ಪಿಸಲಿ?

ಕಾನೂನು ಇಲ್ಲ ಅಂತಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಪ್ಪಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟ್‌ನ ಮೂರು ಪಟ್ಟು ಚಕ್ರಬಡ್ಡಿ. ಆನ್‌ಲೈನಲ್ಲೇ ದೂರು ಹಾಕಬಹುದು. ಆದ್ರೆ ಒಂದು ಮಾತು ಗಟ್ಟಿ ಹಿಡ್ಕೊಳ್ಳಿ: ಮಾಲು ಕೊಡೋ ಮೊದಲೇ ‘ಉದ್ಯಮ್’ ನೋಂದಣಿ ಆಗಿರಬೇಕು. ಆಮೇಲೆ ಮಾಡಿಸಿದ್ರೆ ಹಳೆ ಬಿಲ್ಲಿಗೆ ದೂರು ನಿಲ್ಲೋದು ಕಷ್ಟ. ನೋಂದಣಿ ಪುಕ್ಕಟೆ, ಏಜೆಂಟ್ ದುಡ್ಡು ಕೇಳಿದ್ರೆ ಎದ್ದು ಬನ್ನಿ.

ಚಿಗವ್ವನ ಸಂಘಕ್ಕೆ ಆಗ ನೋಂದಣಿ ಇರಲಿಲ್ಲ, ಯಾರೂ ಹೇಳಿರಲಿಲ್ಲ. ಹೋದ ವಾರ ನನ್ನ ಫೋನಲ್ಲೇ ಮಾಡಿಸೋಕೆ ಕೂತ್ವಿ. ಓಟಿಪಿ ಅವಳ ಆಧಾರ್‌ಗೆ ಲಿಂಕ್ ಆದ ಹಳೆ ನಂಬರಿಗೆ ಹೋಯ್ತು, ಆ ಸಿಮ್ ಬಂದ್ ಆಗಿ ಎರಡು ವರ್ಷ ಆಗಿದೆ. ಸೋಮವಾರ ಆಧಾರ್ ಸೆಂಟರಿಗೆ ಹೋಗ್ತೀವಿ. ಹೊಸ ಟೆಂಡರಿಗೆ ಅರ್ಜಿ ಹಾಕೋದು ಮಾತ್ರ ಆಮೇಲೆ ನೋಡೋಣ ಅಂದಿದ್ದಾಳೆ.