ಕಟ್ಟಡ ಕೊಟ್ಟರೆ ಸಾಲದು

(ವಿದ್ಯಾರ್ಥಿ ನಿಲಯದ ಸಭೆಯಲ್ಲಿ ಆಡಿದ ಮಾತು)



ಹಾಸ್ಟೆಲ್ ಹುಡುಗರ ಸಭೆಯಲ್ಲಿ ಅಮೆರಿಕದ ಕೋರ್ಟಿನ ಮಾತು ಯಾಕೆ ಅಂತ ನೀವು ಕೇಳಬಹುದು. ನಾನು ವಕೀಲನಲ್ಲ, ಬಿ.ಎ. ಮುಗಿಸಿ ಪದ್ಯ ಬರೆಯುವವನು. ಆದರೆ ಈ ಮೊಕದ್ದಮೆ ಶುರುವಾದದ್ದೂ ವಕೀಲರಿಂದಲ್ಲ, ಹದಿನಾರು ವರ್ಷದ ಒಬ್ಬ ಹುಡುಗಿಯಿಂದ. ಅದಕ್ಕೇ ಹೇಳ್ತೀನಿ.

ವರ್ಜೀನಿಯಾ ರಾಜ್ಯದ ಫಾರ್ಮ್‌ವಿಲ್ ಊರು. ಅಲ್ಲಿ ಕರಿಯರ ಮಕ್ಕಳಿಗೆ ಮೋಟನ್ ಹೈಸ್ಕೂಲು. ಕಟ್ಟಿದ್ದು 180 ಮಕ್ಕಳಿಗೆ, ಓದ್ತಾ ಇದ್ದದ್ದು ಸುಮಾರು 450 ಮಂದಿ. ಜಾಗ ಸಾಲದೆ ಪಕ್ಕದಲ್ಲಿ ಡಾಂಬರು ಕಾಗದ ಹೊದಿಸಿದ ಶೆಡ್ಡುಗಳು. ಮಳೆ ಬಂದರೆ ಸೋರೋದು. ಚಳಿಗಾಲದಲ್ಲಿ ಒಲೆ ಪಕ್ಕ ಕೂತವನು ಬೇಯಬೇಕು, ದೂರ ಕೂತವನು ಕೋಟು ಹಾಕ್ಕೊಂಡೇ ನಡುಗಬೇಕು. ಬಿಳಿಯರ ಮಕ್ಕಳಿಗೆ ಅದೇ ಊರಲ್ಲಿ ವ್ಯಾಯಾಮಶಾಲೆ, ಊಟದ ಕೋಣೆ ಎಲ್ಲ ಇದ್ದ ಹೈಸ್ಕೂಲು.

ಕಾನೂನು ಇರಲಿಲ್ಲವಾ? ಇತ್ತು. ಕಾನೂನಿನ ರಕ್ಷಣೆ ಎಲ್ಲರಿಗೂ ಸಮಾನ ಅಂತ 14ನೇ ತಿದ್ದುಪಡಿ 1868ರಲ್ಲೇ ಸಂವಿಧಾನ ಸೇರಿತ್ತು. 1896ರಲ್ಲಿ ರೈಲು ಡಬ್ಬಿಯ ಪ್ಲೆಸ್ಸಿ ಮೊಕದ್ದಮೆ ಬಂತು. ಬೇರೆ ಬೇರೆ ಇಟ್ಟರೂ ಸಮಾನವಾಗಿದ್ದರೆ ತಪ್ಪಿಲ್ಲ ಅಂದುಬಿಟ್ಟಿತು ಸುಪ್ರೀಂ ಕೋರ್ಟು. ಹಾರ್ಲನ್ ಎಂಬ ಒಬ್ಬ ನ್ಯಾಯಮೂರ್ತಿ ಮಾತ್ರ ಒಪ್ಪಲಿಲ್ಲ. ಕೇರಿ ಬೇರೆ, ಬಾವಿ ಬೇರೆ, ಲೋಟ ಬೇರೆ ಅಂತ ಕೇಳಿ ಬೆಳೆದ ನಮಗೆ ಈ ತೀರ್ಪಿಗೆ ಟಿಪ್ಪಣಿ ಬೇಕಾಗಿಲ್ಲ.

1951ರ ಏಪ್ರಿಲ್ 23. ಬಾರ್ಬರಾ ಜಾನ್ಸ್ ಮತ್ತು ಅವಳ ಗೆಳೆಯರು ಸುಳ್ಳು ಫೋನು ಮಾಡಿಸಿ ಹೆಡ್‌ಮಾಸ್ಟರನ್ನು ಪೇಟೆಗೆ ಕಳಿಸಿದರು. ಅವರ ಹೆಸರಲ್ಲೇ ಚೀಟಿ ಬರೆದು ಎಲ್ಲ ತರಗತಿಗಳನ್ನೂ ಸಭಾಂಗಣಕ್ಕೆ ಕರೆಸಿದರು. ಪರದೆ ಸರಿದಾಗ ವೇದಿಕೆ ಮೇಲೆ ಹುಡುಗಿ ನಿಂತಿದ್ದಾಳೆ! ಮೇಷ್ಟ್ರುಗಳನ್ನು ಹೊರಗೆ ಹೋಗಿ ಅಂದಳು. ಮುಷ್ಕರ ಎರಡು ವಾರ ನಡೀತು.

ಮೊದಲು ಅವರು ಕೇಳಿದ್ದು ಒಳ್ಳೇ ಕಟ್ಟಡ, ಅಷ್ಟೇ. ಎನ್.ಎ.ಎ.ಸಿ.ಪಿ. ಎಂಬ ಕರಿಯರ ಹಕ್ಕಿನ ಸಂಸ್ಥೆಯ ವಕೀಲರಾದ ಆಲಿವರ್ ಹಿಲ್, ಸ್ಪಾಟ್ಸ್‌ವುಡ್ ರಾಬಿನ್ಸನ್ ಬಂದು ಹೇಳಿದರು: ಬೇರೆ ಶಾಲೆಯ ಪದ್ಧತಿಯನ್ನೇ ತೆಗೀಬೇಕು ಅಂತ ಕೇಳೋದಾದರೆ ನಾವು ಬರ್ತೀವಿ, ಬರೀ ಕಟ್ಟಡಕ್ಕಾದರೆ ಇಲ್ಲ. ನನಗೆ ಈ ಇಡೀ ಕಥೆಯಲ್ಲಿ ದೊಡ್ಡದು ಅನ್ನಿಸೋದು ಈ ಗಳಿಗೆ. ನಮ್ಮ ಹಾಸ್ಟೆಲ್ ಹೋರಾಟಗಳು ಎಷ್ಟು ಸಲ ಅನ್ನ, ಸಾರು, ಬಲ್ಬುಗಳಲ್ಲೇ ನಿಂತುಹೋಗಿವೆ, ನೀವೇ ಹೇಳಿ. ಆ ಮಕ್ಕಳು ಒಪ್ಪಿದರು. ಮೊಕದ್ದಮೆ ಹಾಕಿದ ವಿದ್ಯಾರ್ಥಿಗಳು 117.

ಶಾಲೆಯ ಆವರಣದಲ್ಲಿ ಶಿಲುಬೆ ಸುಟ್ಟು ಹೆದರಿಸಿದರು. ಬಾರ್ಬರಾಳನ್ನು ಮನೆಯವರು ಅಲಬಾಮಾದ ಮಾಂಟ್‌ಗೊಮೆರಿಯಲ್ಲಿದ್ದ ದೊಡ್ಡಪ್ಪನ ಮನೆಗೆ ಕಳಿಸಬೇಕಾಯ್ತು. ಅಧಿಕಾರಿಗಳು ತರಾತುರಿಯಲ್ಲಿ ಕರಿಯರಿಗೇ ಹೊಸ ಹೈಸ್ಕೂಲು ಕಟ್ಟಿ, 1953ರಲ್ಲಿ ತೆರೆದೂ ಬಿಟ್ಟರು. ಕೇಳಿದ್ದ ಕಟ್ಟಡ ಬಂತು. ಮೊಕದ್ದಮೆ ಮಾತ್ರ ಹಿಂದಕ್ಕೆ ಬರಲಿಲ್ಲ. ಬ್ರೌನ್ ಮೊಕದ್ದಮೆ ಅಂತ ಹೆಸರಾದ ಐದು ಮೊಕದ್ದಮೆಗಳಲ್ಲಿ ಇದೂ ಒಂದು. 1954ರ ಮೇ 17ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು: ಶಿಕ್ಷಣದಲ್ಲಿ ಬೇರೆ ಇಡುವುದೇ ಅಸಮಾನತೆ.

ಗೆದ್ದೆವು ಅಂತ ಚಪ್ಪಾಳೆ ಹೊಡೀಬೇಡ್ರಿ. ಯಾವಾಗ ಜಾರಿ ಅಂದರೆ, 1955ರಲ್ಲಿ ಅದೇ ಕೋರ್ಟು ಸಾವಧಾನದ ವೇಗದಲ್ಲಿ ಅಂದಿತು. ವೇಗ ಕೋರ್ಟಿನ ಕಾಗದದಲ್ಲಿ ಉಳೀತು, ಸಾವಧಾನ ಬಿಳಿಯರ ಕೈಗೆ ಸಿಕ್ಕಿತು. 1959ರಲ್ಲಿ ಫಾರ್ಮ್‌ವಿಲ್ ಇರುವ ಪ್ರಿನ್ಸ್ ಎಡ್ವರ್ಡ್ ಕೌಂಟಿ, ಅಂದರೆ ಆ ಜಿಲ್ಲೆ, ಸರ್ಕಾರಿ ಶಾಲೆಗಳಿಗೆಲ್ಲ ಬೀಗ ಹಾಕಿತು. ಕೂಡಿ ಕೂರೋದಕ್ಕಿಂತ ಶಾಲೆಯೇ ಇಲ್ಲದಿರಲಿ ಅಂತ! ಬಿಳಿಯರು ಖಾಸಗಿ ಶಾಲೆ ತೆರೆದರು, ಅಲ್ಲಿನ ಫೀಜಿಗೆ ಸರ್ಕಾರದ ಹಣವೂ ಬಂತು. ಸುಮಾರು 1,700 ಕರಿಯ ಮಕ್ಕಳು ಬೀದಿಗೆ ಬಿದ್ದರು. ಕೆಲವರನ್ನು ದೂರದ ನೆಂಟರ ಮನೆಗೆ ಕಳಿಸಿದರು, ಎಷ್ಟೋ ಮಕ್ಕಳು ಹೊಲದ ಕೂಲಿಗೆ ಹೋದರು. 1963ರಲ್ಲಿ ದಾನದ ದುಡ್ಡಿನಿಂದ ಉಚಿತ ಶಾಲೆ ಶುರುವಾಯ್ತು. 1964ರಲ್ಲಿ ಗ್ರಿಫಿನ್ ಮೊಕದ್ದಮೆಯ ತೀರ್ಪು ಬಂದ ಮೇಲೇ ಸರ್ಕಾರಿ ಶಾಲೆಯ ಬೀಗ ತೆಗೆದದ್ದು.

ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದವರು. ಅಮೆರಿಕದ ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಬೇಕೆಂದು 1946ರಲ್ಲಿ ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. ಹಾಗಾಗಿ ಇದನ್ನು ದೂರದ ಸುದ್ದಿ ಅಂತ ನಾನು ಓದಿಲ್ಲ.

ಬಾರ್ಬರಾ ಮುಂದೆ ಗ್ರಂಥಪಾಲಕಿಯಾಗಿ ದುಡಿದು 1991ರಲ್ಲಿ ತೀರಿಕೊಂಡಳು. ಬೀಗ ಹಾಕಿದ ಕಾಲದಲ್ಲಿ ಓದು ಕಳಕೊಂಡವರಿಗೆ ಅಂತ ವರ್ಜೀನಿಯಾ ಸರ್ಕಾರ 2004ರಲ್ಲಿ ವಿದ್ಯಾರ್ಥಿವೇತನ ಏರ್ಪಾಡು ಮಾಡಿತು. 1959ರಲ್ಲಿ ಏಳು ವರ್ಷವಾಗಿದ್ದ ಮಗುವಿಗೆ ಆಗ ಐವತ್ತೆರಡು.