‘ನೇಟಿವ್’ ಎಂಬ ಪದದ ಸುತ್ತ
(ಮುಂಬಯಿಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಈ ನಗರಕ್ಕೆ ಬಂದ ಹೊಸತರಲ್ಲಿ ನಾನು ಮತ್ತೆಮತ್ತೆ ಎದುರಿಸಿದ ಪ್ರಶ್ನೆ ‘ನಿಮ್ಮ ನೇಟಿವ್ ಯಾವುದು?’ ಎಂಬುದು. ತಡವರಿಸದೆ ಊರ ಹೆಸರು ಹೇಳುತ್ತಿದ್ದೆ. ಮೊನ್ನೆ ಇದೇ ಪ್ರಶ್ನೆಯನ್ನು ಯಾರೋ ನನ್ನ ಮೊಮ್ಮಗಳಿಗೆ ಕೇಳಿದರು. ಅವಳೂ ತಡವರಿಸಲಿಲ್ಲ, ‘ಮುಂಬಯಿ’ ಎಂದಳು. ತಿದ್ದಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಮನೆಗೆ ಬಂದು ನಿಘಂಟು ನೋಡಿದೆ. ಅದು ಮೊಮ್ಮಗಳ ಪಕ್ಷವನ್ನೇ ವಹಿಸಿತು.

ಲ್ಯಾಟಿನ್ನಿನಲ್ಲಿ ‘ನಾಸ್ಕಿ’ ಎಂದರೆ ಹುಟ್ಟುವುದು. ಅದರಿಂದ ‘ನಾಟಿವುಸ್’, ಅದರಿಂದ ‘ನೇಟಿವ್’. ‘ನೇಷನ್’, ‘ನೇಚರ್’ ಪದಗಳೂ ಇದೇ ಬಳ್ಳಿಯ ಕಾಯಿಗಳು. ಹುಟ್ಟು ಎಂಬ ಈ ನಿರ್ಮಲವಾದ ಅರ್ಥಕ್ಕೆ ಬಹುಬೇಗ ಕೊಳೆ ಅಂಟಿತು. ಮಧ್ಯಯುಗದ ಇಂಗ್ಲೆಂಡಿನ ದಾಖಲೆಗಳಲ್ಲಿ ‘ನಾಟಿವುಸ್’ ಎಂದರೆ ಹುಟ್ಟಿನಿಂದಲೇ ಒಡೆಯನಿಗೆ ಕಟ್ಟುಬಿದ್ದ ಜೀತದಾಳು. ಅರ್ಥದಲ್ಲಿ ಇದರ ನೆರೆಯದಾದ ‘ವರ್ನ್ಯಾಕ್ಯುಲರ್’ ಪದದ ಕಥೆಯೂ ಬೇರೆಯಲ್ಲ. ‘ವೆರ್ನ’ ಎಂದರೆ ಒಡೆಯನ ಮನೆಯಲ್ಲೇ ಹುಟ್ಟಿದ ಗುಲಾಮ. ಭಾರತೀಯ ಭಾಷೆಗಳ ಪತ್ರಿಕೆಗಳನ್ನು ಹತ್ತಿಕ್ಕಲು 1878ರಲ್ಲಿ ತಂದ ಕಾಯಿದೆಯ ಹೆಸರಿನಲ್ಲಿದ್ದುದು ಇದೇ ಪದ. ಕೋಟೆಯ ಹೊರಗಿನ ಮುಂಬಯಿ ಆಂಗ್ಲರಿಗೆ ‘ನೇಟಿವ್ ಟೌನ್’. ನಮ್ಮ ಮೈಸೂರು ‘ನೇಟಿವ್ ಸ್ಟೇಟ್’. ಸಾಹೇಬನೂ ಎಲ್ಲೋ ಹುಟ್ಟಿದವನೇ. ಆದರೆ ಆ ಹೆಸರು ನಮಗಷ್ಟೇ ಮೀಸಲಾಗಿತ್ತು.

ಇಂಗ್ಲಿಷಿನ ಪರ್ಯಾಯಪದಗಳೂ ಬಹುಮಟ್ಟಿಗೆ ಹುಟ್ಟನ್ನೋ ಸ್ಥಳವನ್ನೋ ಹೇಳಿ ನಿಲ್ಲುತ್ತವೆ. ‘ಇಂಡಿಜಿನಸ್’ ಎಂದರೆ ಒಳಗೆ ಹುಟ್ಟಿದ್ದು. ‘ಲೋಕಲ್’ ಎಂದರೆ ಸ್ಥಳದ್ದು. ನಾಮಪದವಾಗಿ ‘ನೇಟಿವ್’ ಅವರಲ್ಲಿ ವ್ಯಕ್ತಿಯನ್ನು ಸೂಚಿಸುತ್ತದೆ. ಅದನ್ನು ಊರಿನ ಹೆಸರಾಗಿಸಿದವರು ನಾವು. ಏಕೆಂದರೆ ನಮ್ಮ ಮನಸ್ಸಿನಲ್ಲಿದ್ದುದು ‘ತವರು’ ಎಂಬ ಮಾತು. ಹುಟ್ಟಿದ ಮನೆಯಲ್ಲೇ ಇರುವವಳಿಗೆ ಅದು ಬರಿಯ ಮನೆ. ಬಿಟ್ಟು ಹೊರಟ ಮೇಲೆಯೇ ಅದು ತವರಾಗುವುದು.

ಪಂಪನನ್ನು ನೆನೆಯಿರಿ. ಅವನ ಪೂರ್ವಿಕರು ವೆಂಗಿಯ ಕಡೆಯವರು. ಅವನು ಭಾರತವನ್ನು ಬರೆದದ್ದು ಇಂದಿನ ತೆಲಂಗಾಣದ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ. ಆದರೂ ಅವನ ಮನಸ್ಸು ಹಂಬಲಿಸಿದ್ದು ಬನವಾಸಿಗಾಗಿ. ಅವನ ‘ನೇಟಿವ್’ ಯಾವುದೆಂದು ಅರ್ಜಿಯ ಕಲಮಿನಲ್ಲಿ ತುಂಬುವುದು ಹೇಗೆ?

ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ನಾನು ಅಭಿಮಾನದಿಂದ ಹೇಳುವ ಆ ಊರಿನಲ್ಲಿ ಇಂದು ನಮಗೆ ಮನೆಯಿಲ್ಲ. ಅಣ್ಣತಮ್ಮಂದಿರು ಸೇರಿ ಮಾರಿದೆವು; ಪತ್ರಕ್ಕೆ ನಾನೂ ರುಜು ಹಾಕಿದೆ. ಮೊಮ್ಮಗಳು ಆ ಹೊಸ್ತಿಲನ್ನು ತುಳಿದವಳೇ ಅಲ್ಲ. ಹುಟ್ಟಿದ ಊರನ್ನು ತನ್ನದೆಂದ ಮಗುವಿನದು ತಪ್ಪಲ್ಲ. ಹುಟ್ಟು ತಾನಾಗಿ ಬರುತ್ತದೆ. ತವರನ್ನು ಯಾರಾದರೂ ಕೊಡಬೇಕು. ಮನೆ ಮಾರಿದವನ ಕೈಯಲ್ಲಿ ಕೊಡಲು ಉಳಿದಿರುವುದು ಈ ನುಡಿಯೊಂದೇ. ಅದನ್ನು ಕಲಿಸದೆ ಅವಳ ಉತ್ತರವನ್ನು ತಿದ್ದುವ ಅಧಿಕಾರ ನನಗಿಲ್ಲ.